ಹಿಂಬದಿಯ ಕಿಟಕಿ

ಊರಿಗೆ ಹೊರಡುವಾಗ ನಾನು ಮುಂಬಾಗಿಲ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು. ಬಸ್ ಹೊರಟ ಮೇಲೆ ಹೆಂಡತಿ ಕೇಳುತ್ತಾಳೆ, "ಬಚ್ಚಲುಮನೆ ಕಿಟಕಿ ಹಾಕಿದ್ರಾ?"

ಮೊನ್ನೆಯೂ ಹಾಗೇ ಆಯಿತು. ಉತ್ತರ ನೆನಪಾಗಲಿಲ್ಲ. ಇಂಗ್ಲೆಂಡಿನ ದೊರೆ ಜಾನ್‌ನ ಕಥೆ ತೆಗೆದೆ.

ಅವನಿಗಿಂತ ಮುಂಚೆ ದೊರೆಯಾಗಿದ್ದ ಅಣ್ಣ ರಿಚರ್ಡ್, ಈಗ ಫ್ರಾನ್ಸಿಗೆ ಸೇರಿದ, ಆಗ ಇವರ ಕೈಯಲ್ಲಿದ್ದ ನಾರ್ಮಂಡಿಯಲ್ಲಿ, ಸೇನ್ ನದಿಯ ದಂಡೆಯ ಗುಡ್ಡದ ಮೇಲೆ, ಶಾಟೋ ಗಯಾರ್ ಎಂಬ ಕೋಟೆ ಕಟ್ಟಿಸಿದ. 1196ರಲ್ಲಿ ಶುರು, 1198ಕ್ಕೆ ಹೆಚ್ಚುಕಡಿಮೆ ಮುಗಿದೇ ಹೋಯಿತು. ನಮ್ಮ ಮನೆ ಕಾಂಪೌಂಡಿಗೇ ಅದಕ್ಕಿಂತ ಜಾಸ್ತಿ ದಿನ ಹಿಡಿದಿತ್ತು! ಒಂದು ಸುತ್ತು ಬಿದ್ದರೆ ಇನ್ನೊಂದು, ಅದೂ ಬಿದ್ದರೆ ಮತ್ತೊಂದು. ನಡುವೆ ಬಂಡೆ ಕಡಿದ ಕಂದಕ. ಒಳಸುತ್ತಿನ ಗೋಡೆಯ ಮೈತುಂಬ ದುಂಡನೆಯ ಉಬ್ಬುಗಳು, ಬಂದು ಬಡಿದ ಕಲ್ಲು ಜಾರಿ ಹೋಗಲಿ ಎಂದು. ಗೋಡೆ ಬೆಣ್ಣೆಯದಾದರೂ ಉಳಿಸಿಕೊಳ್ಳುತ್ತೇನೆ ಎಂದು ರಿಚರ್ಡ್ ಜಂಬ ಕೊಚ್ಚಿದ್ದನಂತೆ.

1199ರಲ್ಲಿ ಅವನು ಸತ್ತ. ಪಟ್ಟಕ್ಕೆ ಬಂದ ಜಾನ್ ನಡುವಿನ ಅಂಗಳದ ಗೋಡೆಗೆ ತಾಗಿಸಿ ಪ್ರಾರ್ಥನೆಗೊಂದು ಕಟ್ಟಡ ಎಬ್ಬಿಸಿದ. ಗಾಳಿ ಬೆಳಕು ಬೇಕಲ್ವಾ? ಕಿಟಕಿ ಇಡಿಸಿದ. 1204ರಲ್ಲಿ, ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದ ಫ್ರಾನ್ಸಿನ ದೊರೆ ಫಿಲಿಪ್‌ನ ಕಡೆಯವರ ಕಣ್ಣಿಗೆ ಅದು ಬಿತ್ತು. ಒಬ್ಬ ಇನ್ನೊಬ್ಬನ ಹೆಗಲೇರಿ ಒಳಗೆ ನುಸುಳಿದ, ಹಗ್ಗ ಬಿಟ್ಟು ಉಳಿದವರನ್ನು ಎಳೆದುಕೊಂಡ. ಪಾಯಿಖಾನೆಯ ಕೊಳವೆಯಲ್ಲಿ ತೆವಳಿ ಬಂದರು ಅನ್ನುವವರೂ ಇದ್ದಾರೆ. ಕೇಳಲು ಅದೇ ಮಜಾ. ಆದರೆ ಆ ಕಾಲದಲ್ಲೇ ಬರೆದಿಟ್ಟ, ಫಿಲಿಪ್‌ನ ಪಾದ್ರಿ ಗಿಯೋಮ್ ಹೇಳುವುದು ಕಿಟಕಿಯನ್ನೇ. ಹೊಕ್ಕವರನ್ನು ಸುಡಲು ಕಾವಲಿನವರು ಬೆಂಕಿ ಇಟ್ಟರು. ಅದು ಹಬ್ಬಿ ಕೊನೆಗೆ ತಾವೇ ಒಳಸುತ್ತಿಗೆ ಓಡಬೇಕಾಯಿತು. ಆಮೇಲೆ ಅದೂ ಬಿತ್ತು.

1215ರಲ್ಲಿ ಜಾನ್ ಗೋಡೆಯ ಹೊರಗೆ ನಿಂತಿದ್ದ. ದಂಗೆಯೆದ್ದವರು ಇಂಗ್ಲೆಂಡಿನ ರಾಚೆಸ್ಟರ್ ಕೋಟೆ ಹಿಡಿದು ಕೂತಿದ್ದರು. ಅಲ್ಲಿನ ದೊಡ್ಡ ಬುರುಜಿನ ಗೋಡೆ ಹತ್ತಡಿಗೂ ಜಾಸ್ತಿ ದಪ್ಪ. ಇವನು ಬುಡಕ್ಕೇ ಕೈಹಾಕಿದ. ಸುರಂಗ ತೋಡಿಸಿ, ಮರದ ಕಂಬಗಳ ಆಸರೆ ಕೊಟ್ಟು, 40 ಹಂದಿ ಕಳಿಸಿ ಎಂದು ಕಾಗದ ಬರೆದ. ಕೊಬ್ಬು ಜಾಸ್ತಿ ಇರಲಿ, ತಿನ್ನಲು ಚೆನ್ನಾಗಿಲ್ಲದಿದ್ದರೂ ನಡೆಯುತ್ತದೆ ಎಂದು! ಆ ಕೊಬ್ಬಿನ ಬೆಂಕಿಗೆ ಕಂಬಗಳು ಉರಿದು ಒಂದು ಮೂಲೆ ಕುಸಿಯಿತು. ಒಳಗಿನವರು ನಡುಗೋಡೆಯ ಆಚೆ ಸರಿದು ಕುದುರೆ ಮಾಂಸ ತಿಂದುಕೊಂಡು ಕಾದಾಡಿದರು. ಸೋತದ್ದು ಹಸಿವಿಗೆ. ಮುಂದೆ ಆ ಮೂಲೆಯನ್ನು ದುಂಡಗೆ ಕಟ್ಟಿದರು. ಈಗಲೂ ಆ ಬುರುಜಿನ ಮೂರು ಮೂಲೆ ಚೌಕ, ಒಂದು ಮಾತ್ರ ಗುಂಡು.

ಹೆಂಡತಿ ಪೂರ್ತಿ ಕೇಳಿದಳು.

"ಹಂದಿ ಕಥೆ ಇರಲಿ. ಕಿಟಕಿ ಹಾಕಿದ್ರೋ ಇಲ್ವೋ?"