ಹೊಸ ಸೂಜಿ ಕೊಡೋದು ಅಂದ್ರೆ ಚಟ ಕಲಿಸೋದಲ್ಲ

ಶಿವಮೊಗ್ಗ, ಭದ್ರಾವತಿ ಕಡೆ ವಾಟ್ಸಾಪ್ ಗ್ರೂಪಲ್ಲಿ "ಡ್ರಗ್ಸ್ ತಗೊಳ್ತಿದ್ದೋರಿಗೇ ಟ್ರೈನಿಂಗ್ ಕೊಟ್ಟು ಹುಡುಗ್ರಿಗೆ ಸೂಜಿ ಹಂಚಿಸ್ತಾರೆ" ಅಂತ ಮೆಸೇಜ್ ಓಡಾಡ್ತಿದೆ. ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಆ ಮೆಸೇಜ್ ಹೇಳ್ತಿರೋದು ಪೀರ್ ಎಜುಕೇಟರ್‌ಗಳ ಬಗ್ಗೆ. ಪೀರ್ ಎಜುಕೇಟರ್ ಅಂದ್ರೆ ಡ್ರಗ್ಸ್ ಚಟದ ಕಷ್ಟ ತಾನೇ ಉಂಡಿರೋ ವ್ಯಕ್ತಿ, ಈಗಾಗ್ಲೇ ಇಂಜೆಕ್ಷನ್ ಚುಚ್ಕೊಳ್ತಿರೋರ ಹತ್ರ ಹೋಗಿ, ಒಬ್ರ ಸೂಜಿ ಇನ್ನೊಬ್ರು ಬಳಸಿದ್ರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡತ್ತೆ ಅಂತ ತಿಳಿಸಿ, ಹಳೇ ಸೂಜಿ ವಾಪಸ್ ತಗೊಂಡು ಹೊಸದು ಕೊಡ್ತಾರೆ, ಟೆಸ್ಟಿಗೆ ಜೊತೆಗೇ ಹೋಗ್ತಾರೆ, ಆಸ್ಪತ್ರೇಲಿ, ಸ್ಟೇಷನ್ನಲ್ಲಿ ಅವ್ರ ಪರ ಮಾತಾಡ್ತಾರೆ. ಡಾಕ್ಟ್ರು ಕರೆದ್ರೂ ಬರದೇ ಇರೋರು ಇವ್ರ ಮಾತಿಗೆ ಬರ್ತಾರೆ, ನಂಗೆ ಇದೇ ದೊಡ್ಡದು ಅನ್ಸತ್ತೆ. 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಈ ಕೆಲ್ಸ ಅಪರಾಧವೂ ಅಲ್ಲ. ಎಚ್‌ಐವಿ ಬಗ್ಗೆ ಏನಾದ್ರೂ ಕೇಳೋದಿದ್ರೆ 1097ಗೆ ಫೋನ್ ಮಾಡಿ, ಫ್ರೀ.