ಸ್ಕಿಜೋಫ್ರೇನಿಯಾ: ಔಷಧ ಸಂಶೋಧನೆ ಡೋಪಮಿನ್ ದಾರಿಯನ್ನು ಬಿಡಬೇಕೇ?

ಪರ

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜಿನ್ ಬಳಸತೊಡಗಿದಂದಿನಿಂದ ಎಪ್ಪತ್ತು ವರ್ಷ ಈ ಕಾಯಿಲೆಗೆ ಬಂದ ಬಹುತೇಕ ಎಲ್ಲ ಔಷಧಗಳೂ ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ವೀಕರಿಸುವ ಡಿ2 ರಿಸೆಪ್ಟರ್‌ಗಳನ್ನೇ ಹಿಡಿದುಕೊಂಡು ಕೆಲಸ ಮಾಡಿವೆ. ಕಿವಿಗೆ ಕೇಳುವ ದನಿಗಳು, ಬಿಡದೆ ಕಾಡುವ ಸಂಶಯಗಳು ಇವುಗಳಿಂದ ಹತೋಟಿಗೆ ಬರುತ್ತವೆ, ನಿಜ. ಆದರೆ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಗಮನ ಮತ್ತು ನೆನಪಿನ ಕುಸಿತ ಮೊದಲಾದ, ರೋಗಿಯ ಓದು, ಕೆಲಸ, ಸಂಸಾರಗಳನ್ನು ಕಸಿದುಕೊಳ್ಳುವ ಲಕ್ಷಣಗಳು ಅಷ್ಟಾಗಿ ಕದಲುವುದಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಕೇಟೀ ಅಧ್ಯಯನದಲ್ಲಿ ಶೇ 74ರಷ್ಟು ರೋಗಿಗಳು ಮೊದಲು ಕೊಟ್ಟ ಮಾತ್ರೆಯನ್ನು 18 ತಿಂಗಳೊಳಗೆ ನಿಲ್ಲಿಸಿದ್ದರು. ಕೈಕಾಲಿನ ಬಿಗಿತ, ಏರುವ ಮೈತೂಕ ತಾಳಲಾರದೆ ಮಾತ್ರೆ ಬಿಟ್ಟವರನ್ನು ಹಟಮಾರಿಗಳೆನ್ನುವುದು ಅನ್ಯಾಯ.

ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಅನುಮತಿ ಪಡೆದ ಝನೊಮೆಲಿನ್-ಟ್ರೋಸ್ಪಿಯಮ್ ಜೋಡಿ ಡಿ2 ರಿಸೆಪ್ಟರ್‌ಗಳನ್ನು ತಡೆಯದೆ, ಅಸಿಟೈಲ್‌ಕೊಲಿನ್ ಎಂಬ ಮತ್ತೊಂದು ಸಂದೇಶವಾಹಕವನ್ನು ಸ್ವೀಕರಿಸುವ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಪ್ರಚೋದಿಸುತ್ತದೆ. 1990ರ ದಶಕದಲ್ಲಿ ಆಲ್‌ಝೈಮರ್ ಕಾಯಿಲೆಗೆಂದು ಪರೀಕ್ಷಿಸಿದಾಗ ಝನೊಮೆಲಿನ್ ವಾಂತಿ, ಹೊಟ್ಟೆ ತೊಳಸುವಿಕೆಗಳಿಂದಾಗಿ ಮೂಲೆ ಸೇರಿತ್ತು. ಮಿದುಳಿನೊಳಕ್ಕೆ ಅಷ್ಟಾಗಿ ಹೋಗದೆ ಉಳಿದ ದೇಹದಲ್ಲಿ ಅದರ ಪ್ರಭಾವವನ್ನು ತಗ್ಗಿಸುವ ಟ್ರೋಸ್ಪಿಯಮ್ ಜೊತೆಗೂಡಿದ ಮೇಲೆ ಅದು ಬಳಕೆಗೆ ಬಂತು. ಬೇರೆ ದಾರಿಯೇ ಇಲ್ಲವೆಂಬ ವಾದ ಇನ್ನು ನಿಲ್ಲದು.

ವಿರೋಧ

ಈ ಒಂದು ಗೆಲುವಿನ ಪಕ್ಕದಲ್ಲಿ ಸೋಲುಗಳ ಸಾಲನ್ನೂ ಇಟ್ಟು ನೋಡಬೇಕು. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ಹಾದಿ ಹಿಡಿದ ಪೊಮಾಗ್ಲುಮೆಟಾಡ್ ಮತ್ತು ಬಿಟೊಪರ್ಟಿನ್, 2023ರಲ್ಲಿ ಉಲೊಟಾರಾಂಟ್, 2024ರ ನವೆಂಬರ್‌ನಲ್ಲಿ ಮಸ್ಕರಿನಿಕ್ ಗುಂಪಿನದೇ ಆದ ಎಮ್ರಾಕ್ಲಿಡಿನ್, ಎಲ್ಲವೂ ಭಾರಿ ನಿರೀಕ್ಷೆ ಹುಟ್ಟಿಸಿ, ಔಷಧವೇ ಇಲ್ಲದ ತೋರಿಕೆಯ ಮಾತ್ರೆಯನ್ನು ಮೀರಿಸಲಾರದೆ ನಿಂತವು. ಗೆದ್ದ ಔಷಧಕ್ಕೆ ಅನುಮತಿ ತಂದ ಮುಖ್ಯ ಪ್ರಯೋಗಗಳು ಕೂಡ ಐದೇ ವಾರಗಳವು, ಕಾಯಿಲೆಯಾದರೋ ದಶಕಗಳದ್ದು. ಬೇರೆ ಬೇರೆ ಮೂಲಗಳಿಂದ ಬಂದಿರಬಹುದಾದ ತೊಂದರೆಗಳನ್ನು ಲಕ್ಷಣಗಳ ಆಧಾರದಿಂದ ಒಂದೇ ಹೆಸರಿನಡಿ ಸೇರಿಸಿರುವಾಗ, ಗುರಿ ಬದಲಾಯಿಸಿದ ಮಾತ್ರಕ್ಕೆ ಔಷಧ ಫಲಿಸುವುದಿಲ್ಲ.

ನಮ್ಮಲ್ಲಿರುವ ಅತ್ಯುತ್ತಮ ಔಷಧವೂ ಹಳೆಯದೇ. ಬೇರೆ ಮಾತ್ರೆಗಳಿಗೆ ಬಗ್ಗದ ರೋಗಿಗಳಲ್ಲಿ ಕ್ಲೋಜಪಿನ್ ಶೇ 30ರಷ್ಟು ಜನರಿಗೆ ಫಲ ಕೊಟ್ಟರೆ ಕ್ಲೋರ್‌ಪ್ರೋಮಜಿನ್ ಶೇ 4ರಷ್ಟು ಜನರಿಗೆ ಮಾತ್ರ ಕೊಟ್ಟಿತೆಂದು 1988ರಲ್ಲೇ ತಿಳಿದುಬಂತು. ಬಿಳಿರಕ್ತಕಣಗಳು ಅಪಾಯಕರವಾಗಿ ಕುಸಿಯಬಹುದೆಂಬ ಭಯದಿಂದ, ಪದೇ ಪದೇ ಮಾಡಿಸಬೇಕಾದ ರಕ್ತಪರೀಕ್ಷೆಯ ಕಾಟದಿಂದ, ಅದು ಸಿಗಬೇಕಾದ ಎಷ್ಟೋ ಮಂದಿಗೆ ತಡವಾಗಿ ಸಿಗುತ್ತದೆ ಅಥವಾ ಸಿಗುವುದೇ ಇಲ್ಲ. ಆ ಅಪಾಯ ಯಾರಿಗೆ ಎಂದು ಮೊದಲೇ ಗುರುತಿಸುವ ಪರೀಕ್ಷೆ ಹೊಸ ಅಣುವಿಗಿಂತ ಬೇಗ ಜೀವನಗಳನ್ನು ಬದಲಿಸೀತು.

ಇನ್ನು ನಮ್ಮ ನೆಲದ ಮಾತು. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯಿಂದ ಹೊರಗಿದ್ದರು. ಹಳೆಯ ಔಷಧಗಳನ್ನಾದರೂ ತಪ್ಪದೆ ಪಡೆದವರ ದಿನನಿತ್ಯದ ಬದುಕು ಸುಧಾರಿಸಿದ್ದನ್ನು ತೀರ್ಥಹಳ್ಳಿ ತಾಲ್ಲೂಕಿನ ಅಧ್ಯಯನ ತೋರಿಸಿದೆ. ಹಣವನ್ನು ಮೊದಲು ಸುರಿಯಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಸಿಗುವ ಚುಚ್ಚುಮದ್ದಿಗೆ ಮತ್ತು ಅದನ್ನು ಕೊಡುವ ಸಿಬ್ಬಂದಿಗೆ.