ನಾಲ್ಕು ಉಪಗ್ರಹ, ಒಂದು ಅಡ್ಡಗಲ್ಲು

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಅರ್ಧ ಸೇತುವೆಯಿಂದ, ಮೊಬೈಲಿನ ನಕಾಶೆ ತೋರಿದ ದಾರಿ ಹಿಡಿದಿದ್ದ ಕಾರೊಂದು ಕೆಳಗುರುಳಿ ಮೂವರು ಸತ್ತರಲ್ಲ, ಅಂದಿನಿಂದ ಇಂಥ ಸುದ್ದಿ ಬಂದಾಗಲೆಲ್ಲ ನಮಗೆ ಸಿಗುತ್ತಿರುವ ಉಪದೇಶ ಒಂದೇ: ಜನರು ಜಿಪಿಎಸ್ ಬಳಸುವುದನ್ನು ಸರಿಯಾಗಿ ಕಲಿಯಬೇಕು. ವಿಧೇಯ ನಾಗರಿಕನಾದ ನಾನು ಈ ವರ್ಷ ಕಲಿಯಲು ಕುಳಿತೆ. ಮೊಬೈಲಿನ ನಕಾಶೆ ಈಗಾಗಲೇ ಆರೋಪಿಯ ಸ್ಥಾನದಲ್ಲಿರುವುದರಿಂದ, ನಮ್ಮ ಬೀದಿಯ ನಿವೃತ್ತ ಮೋಜಣಿದಾರರೊಬ್ಬರು ಕಪಾಟಿನಲ್ಲಿಟ್ಟಿದ್ದ, ಅಂಗೈಯಲ್ಲಿ ಹಿಡಿಯುವಂಥ ಹಳೆಯ ಜಿಪಿಎಸ್ ಉಪಕರಣವನ್ನೇ ಎರವಲು ತಂದೆ. ಅದಕ್ಕೆ ಐದು ಗುಂಡಿಗಳಿದ್ದವು. ನಮ್ಮ ಬೀದಿಯಲ್ಲಿ ಅದಕ್ಕಿಂತ ಹೆಚ್ಚಿವೆ, ಆದರೆ ಅವುಗಳ ಮಾತು ಕೊನೆಗೆ.

"ಮನೆಯೊಳಗೆ ಹಿಡಿದುಕೊಂಡರೆ ಏನೂ ಆಗುವುದಿಲ್ಲ ಸ್ವಾಮಿ, ಅದಕ್ಕೆ ಆಕಾಶ ಕಾಣಬೇಕು" ಎಂದರು ಮೋಜಣಿದಾರರು. ತಾರಸಿಯ ಮೇಲೆ ಹೋಗಿ ಉಪಕರಣವನ್ನು ಮೇಲೆತ್ತಿ ನಿಂತೆ. ಪಕ್ಕದ ಮನೆಯ ಅಜ್ಜಿ ಇದನ್ನು ಬಹಳ ಹೊತ್ತು ನೋಡಿ, ಸಂಕಷ್ಟಿ ನಾಳೆಯೆಂದೂ ಇವತ್ತು ಚಂದ್ರನಿಗಾಗಿ ಕಾಯುವ ಅಗತ್ಯವಿಲ್ಲವೆಂದೂ ಕನಿಕರದಿಂದ ತಿಳಿಸಿದರು. ನಾನು ಕಾಯುತ್ತಿದ್ದುದು ನಾಲ್ಕು ಉಪಗ್ರಹಗಳಿಗೆ. ಜಾಗ ಗುರುತಿಸಲು ಮೂರು ಬೇಕು, ಉಪಕರಣದ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅವು ತಮ್ಮ ಪರಮಾಣು ಗಡಿಯಾರಗಳ ಸಮಯವನ್ನು ಬಿಡುವಿಲ್ಲದೆ ಬಿತ್ತರಿಸುತ್ತವೆ, ಆ ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ ಉಪಕರಣವು ದೂರವನ್ನು ಲೆಕ್ಕ ಹಾಕುತ್ತದೆ. ಹತ್ತು ನಿಮಿಷದ ಬಳಿಕ ಪರದೆಯ ಮೇಲೆ ನನ್ನ ಅಕ್ಷಾಂಶ ರೇಖಾಂಶಗಳು ಮೂಡಿದವು. ಭೂಮಿಯ ಮೇಲೆ ನಾನು ಎಲ್ಲಿದ್ದೇನೆಂಬುದು ಕೆಲವೇ ಮೀಟರುಗಳ ಅಂತರದಲ್ಲಿ ಖಚಿತವಾದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಈ ನಿಖರತೆ ಮೊದಲಿನಿಂದ ಇದ್ದದ್ದಲ್ಲ. ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಅಮೆರಿಕವು ಬೇಕೆಂದೇ ಮಸುಕುಗೊಳಿಸುತ್ತಿತ್ತು, ಆಗ ತಪ್ಪು ಸುಮಾರು ನೂರು ಮೀಟರಿನಷ್ಟಿರುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ಅವರು ಕೈಬಿಟ್ಟ ಆ ಕೆಲಸವನ್ನು ನಮ್ಮವರು ಎಷ್ಟು ಶ್ರದ್ಧೆಯಿಂದ ಮುಂದುವರಿಸಿದ್ದಾರೆಂಬುದನ್ನು ಮೆಚ್ಚಲೇಬೇಕು. ದಿಕ್ಕು ತೋರುವ ಫಲಕವಿರುವ ಕಂಬವನ್ನೇ ಹುಡುಕಿ ಅದರ ಮುಂದೆ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲಾಗುತ್ತದೆ, ಬೆರಳು ತೋರಿಸುತ್ತಿರುವ ನಾಯಕರನ್ನು ನಂಬಿ ಆ ಕಡೆಗೆ ತಿರುಗಿದರೆ ಕಲ್ಯಾಣಮಂಟಪದ ಹಿಂಬಾಗಿಲು ಸಿಗುತ್ತದೆ. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದು ಮೊದಲನೆಯ ಮುಖ್ಯರಸ್ತೆಯಿದೆ, ನಾಲ್ಕನೆಯ ಅಡ್ಡರಸ್ತೆಯ ಪಕ್ಕದಲ್ಲಿ ನಾಲ್ಕನೆಯ 'ಎ' ಅಡ್ಡರಸ್ತೆ ಇರಬಹುದು, ಇಲ್ಲವೇ ನೇರವಾಗಿ ಒಂಬತ್ತನೆಯದು ಇರಬಹುದು. ಇದೇ ಊರಿನಲ್ಲಿ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಸರಪಳಿ ಹಿಡಿದು ಅಳತೆಯ ಆಧಾರರೇಖೆಯೊಂದನ್ನು ಎಳೆದಿದ್ದನು. ಆಗ ಮನೆ ನಂಬರು ಹುಡುಕುವ ಕಷ್ಟ ಅವನಿಗಿರಲಿಲ್ಲ.

ಮೋಜಣಿದಾರರು ಹೇಳಿದ ಎರಡನೆಯ ಪಾಠ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಈ ಉಪಕರಣಕ್ಕೆ ರಸ್ತೆ ಎಂದರೇನೆಂಬುದೇ ಗೊತ್ತಿಲ್ಲ. ಉಪಗ್ರಹವು ರಸ್ತೆಯನ್ನು ನೋಡುವುದೂ ಇಲ್ಲ, ಹೇಳುವುದೂ ಇಲ್ಲ. ನೀವು ಇಲ್ಲಿದ್ದೀರಿ ಎಂಬುದಷ್ಟೇ ಆಕಾಶದ ಮಾತು. ಇಲ್ಲಿಂದ ಮುಂದೆ ದಾರಿಯಿದೆ ಎನ್ನುವುದು ನಕಾಶೆಯ ಮಾತು, ಅದನ್ನು ಮಾಡಿದವರು ನೆಲದ ಮೇಲಿನ ಮನುಷ್ಯರು. ಮುಂದೆ ದಾರಿ ಕೊಚ್ಚಿಹೋಗಿದೆ ಎಂದು ನಕಾಶೆಯವರಿಗೂ ದಾರಿಹೋಕರಿಗೂ ತಿಳಿಸಬೇಕಾದವರು ರಸ್ತೆಯ ಯಜಮಾನರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕಿಲ್ಲ, ವ್ಯತ್ಯಾಸವೇನೆಂದರೆ ಇಲ್ಲಿ ಕೋಣಕ್ಕೆ ತಿಂಗಳ ಸಂಬಳವಿದೆ.

ರಾಮಗಂಗೆಯ ಆ ಸೇತುವೆಯ ಒಂದು ಭಾಗವು ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಕಾರು ಬಿದ್ದ ಹೊತ್ತಿನಲ್ಲಿ ಅಲ್ಲಿ ತಡೆಯಾಗಲಿ ಎಚ್ಚರಿಕೆಯ ಫಲಕವಾಗಲಿ ಇರಲಿಲ್ಲ. ಆಮೇಲೆ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಮೇಲೆ ಪ್ರಕರಣ ದಾಖಲಾಯಿತು, ನಕಾಶೆಯ ಕಂಪನಿಯನ್ನೂ ಅದಕ್ಕೆ ಎಳೆದು ತರಲಾಯಿತು, ಟೀವಿಗಳಲ್ಲಿ ತಂತ್ರಜ್ಞಾನವನ್ನು ಕುರುಡಾಗಿ ನಂಬಬಾರದೆಂಬ ಚರ್ಚೆ ಎರಡು ದಿನ ನಡೆಯಿತು. ಆ ಮೂವರು ನಂಬಿದ್ದು ತಂತ್ರಜ್ಞಾನವನ್ನು ಮಾತ್ರವೇ? ಕತ್ತಲಲ್ಲಿ ಸೇತುವೆ ಹತ್ತುವ ಯಾರೇ ಆದರೂ ಅದಕ್ಕೆ ಇನ್ನೊಂದು ತುದಿ ಇರುತ್ತದೆಂದು ನಂಬುತ್ತಾರೆ. ಗುಂಟೆ ಜಮೀನಿನ ಮೂಲೆಗೂ ಬಾಂದುಕಲ್ಲು ನೆಡುವ ದೇಶವಿದು. ಸೇತುವೆ ಮುಗಿದುಹೋದ ಜಾಗದಲ್ಲಿ ನಾಲ್ಕು ಕಲ್ಲು ಅಡ್ಡವಿಟ್ಟು, ಅವು ಅಲ್ಲೇ ಇವೆಯೇ ಎಂದು ವಾರಕ್ಕೊಮ್ಮೆ ಹೋಗಿ ನೋಡಿಬರಲು ಉಪಗ್ರಹ ಬೇಕಾಗಿರಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಬರೆದು ಬರೆದು ಸಾಕಾಗಿದೆ.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬಿಹಾರದಿಂದ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು, ನಕಾಶೆ ತೋರಿದ ಹತ್ತಿರದ ದಾರಿ ಹಿಡಿದು ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗೆ ಸಿಕ್ಕಿಬಿದ್ದು ರಾತ್ರಿಯನ್ನು ಕಾರಿನಲ್ಲೇ ಕಳೆಯಿತು. ಬೆಳಗ್ಗೆ ಕೆಲವು ಕಿಲೋಮೀಟರ್ ನಡೆದು, ಸಿಗ್ನಲ್ ಸಿಕ್ಕ ಮೇಲೆ 112ಕ್ಕೆ ಕರೆ ಮಾಡಿದ್ದರಿಂದ ಪೊಲೀಸರು ಬಂದು ಅವರನ್ನು ಹೊರತಂದರು. ಉಪಗ್ರಹದ ಸಂಕೇತ ಹಿಡಿಯಲು ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ, ನಕಾಶೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಕಾಡಿನಲ್ಲೂ ಅದು ಕಾಣುತ್ತದೆ ಎಂಬುದು ನನ್ನ ಮೂರನೆಯ ಪಾಠ. ಕಾಡಿನ ನಡುವೆ ನಿಂತವರಿಗೆ ತಾವು ಯಾವ ರೇಖಾಂಶದಲ್ಲಿ ದಾರಿ ತಪ್ಪಿದ್ದೇವೆಂಬುದು ಆಗ ಖಚಿತವಾಗಿ ತಿಳಿಯುತ್ತದೆ.

ಕೊನೆಯ ಪಾಠ ಜಾಗವನ್ನು ಗುರುತು ಮಾಡಿಟ್ಟುಕೊಳ್ಳುವುದು. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನಿಂತ ಜಾಗವು 001 ಎಂಬ ಹೆಸರಿನಲ್ಲಿ ಉಪಕರಣದ ನೆನಪಿನಲ್ಲಿ ಉಳಿಯುತ್ತದೆ. ನಾನು ನಮ್ಮ ಬೀದಿಯ ತಿರುವಿನ ಗುಂಡಿಯ ಅಂಚಿನಲ್ಲಿ ನಿಂತು ಆ ಗುಂಡಿಯನ್ನು ಒತ್ತಿದೆ. ಮಳೆಗಾಲ ಮುಗಿದ ಮೇಲೆ ಅದನ್ನು ಮುಚ್ಚಿದರು, ಮುಚ್ಚಿದ ವಾರದಲ್ಲೇ ಎರಡು ಮೀಟರ್ ಆಚೆಗೆ ಕೇಬಲ್ಲಿನವರು ಹೊಸದನ್ನು ಅಗೆದರು. ಅದನ್ನು 002 ಎಂದು ದಾಖಲಿಸಲು ಹೋದಾಗ ಪರದೆಯ ಮೇಲೆ ಎರಡು ಗುರುತುಗಳೂ ಒಂದರ ಮೇಲೊಂದು ಕೂತವು. ಮೋಜಣಿದಾರರು ಕನ್ನಡಕ ಏರಿಸಿ ನೋಡಿ, ಮೂರು ಮೀಟರಿನ ತಪ್ಪು ಲೆಕ್ಕಕ್ಕೆ ಬರುವುದಿಲ್ಲವೆಂದೂ ಉಪಕರಣದ ಪ್ರಕಾರ ಇದು ಹಳೆಯ ಗುಂಡಿಯೇ ಎಂದೂ ಹೇಳಿ ಅದನ್ನು ವಾಪಸು ಇಸಿದುಕೊಂಡರು.